ವಾಚನಾಲಯಕ್ಕೆ ಧನಸಹಾಯವನ್ನು ಕೇಳುವ ಬಗೆ

(ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ವಾಚನಾಲಯ ಕಾರ್ಯಕರ್ತರು ಜೋಗದಲ್ಲಿ ಕೂಡಿದಾಗ ಮಾಡಿದ ಭಾಷಣವು)



ಗ್ರಂಥಾಲಯದ ಮಹಿಮೆಯನ್ನು ಬಣ್ಣಿಸುವ ಭಾಷಣಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಾಗಿವೆ. ಆ ಮಹಿಮೆಯನ್ನು ಬಲ್ಲವರೇ ಇಲ್ಲಿ ನೆರೆದಿರುವಿರಿ. ನಿಮ್ಮ ಕೊರತೆಯು ಭಕ್ತಿಯದಲ್ಲ, ಹಣದ್ದು. ಕಪಾಟಿಗೆ ಹಣವಿಲ್ಲ, ಹೊಸ ಪುಸ್ತಕಕ್ಕೆ ಹಣವಿಲ್ಲ, ಬಾಗಿಲು ತೆರೆದು ಕೂಡ್ರುವವನಿಗೆ ಕೊಡಲು ಹಣವಿಲ್ಲ. ಅದೇ ಹೊತ್ತಿಗೆ, ಗ್ರಂಥಾಲಯಗಳಿಗೆಂದೇ ತೆಗೆದಿರಿಸಿದ ಹಣವು ಕೆಲವು ಕಡೆಗಳಲ್ಲಿ ಕೇಳುವವರಿಲ್ಲದೆ ಉಳಿಯುತ್ತಲಿದೆ. ಈ ಎರಡರ ನಡುವೆ ಇರತಕ್ಕ ಸೇತುವೆಯೇ ಅರ್ಜಿಯು. ಆ ಸೇತುವೆಯನ್ನು ಕಟ್ಟುವ ಬಗೆಯನ್ನು ಕುರಿತು ನಾವು ಇಂದು ನಾಲ್ಕು ಮಾತುಗಳನ್ನು ಬಿನ್ನವಿಸುವೆವು.

ನಾವು ಕೂಡಿದ ಈ ಸ್ಥಳವು ಇಂಥ ವಿಚಾರಕ್ಕೆ ತಕ್ಕುದೇ ಆಗಿದೆ. ಈ ದಡದಲ್ಲಿ ಮೈಸೂರು ಬಂಗಲೆ, ಆ ದಡದಲ್ಲಿ ಮುಂಬಯಿ ಬಂಗಲೆ. 1956ನೆಯ ಇಸವಿಯ ನವೆಂಬರ 1ರ ವರೆಗೆ ಶರಾವತಿಯು ಇಲ್ಲಿ ಎರಡು ಸರಕಾರಗಳ ಎಲ್ಲೆಯಾಗಿದ್ದಳು. ಸಾಗರದವರು ಮೈಸೂರಿನ ಪ್ರಜೆಗಳು. ಕೂಗಿದರೆ ಕೇಳುವಷ್ಟು ದೂರದ ಸಿದ್ದಾಪುರದವರು ಮುಂಬಯಿ ಇಲಾಖೆಯವರು. ನುಡಿ ಒಂದೇ, ನೀರು ಒಂದೇ, ಅಡಕೆಯ ತೋಟದ ಗೆಯ್ಮೆ ಒಂದೇ. ಅರ್ಜಿಯನ್ನು ಒಪ್ಪಿಸುವ ಕಚೇರಿ ಮಾತ್ರ ಬೇರೆ. ಹಳೆಯ ಮೈಸೂರು ರಾಜ್ಯದ ಕೊನೆಯ ಮುಖ್ಯಮಂತ್ರಿಗಳಾಗಿದ್ದು, ಏಕೀಕರಣದ ಮುನ್ನಾದಿನದ ವರೆಗೂ ಆ ಅಧಿಕಾರವನ್ನು ನಡೆಯಿಸಿದ ಕಡಿದಾಳು ಮಂಜಪ್ಪನವರು ತೀರ್ಥಹಳ್ಳಿಯ ಸೀಮೆಯವರೆಂಬುದನ್ನು ನೀವು ಅಭಿಮಾನದಿಂದ ನೆನೆಯುವಿರಿ.

ನಾಡು ಹರಿದು ಹಂಚಿಹೋಗಿದ್ದಾಗ ಗ್ರಂಥಾಲಯಗಳೂ ಹರಿದು ಹಂಚಿಹೋಗಿದ್ದವು. ದಕ್ಷಿಣ ಕನ್ನಡವು ಮದರಾಸಿನ ಆಳಿಕೆಯಲ್ಲಿದ್ದುದರಿಂದ ಅಲ್ಲಿ 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾನೂನು ನಡೆಯುತ್ತಿತ್ತು. ಡಾ. ಎಸ್. ಆರ್. ರಂಗನಾಥನ್ ಅವರ ದುಡಿಮೆಯ ಫಲವಾದ ಆ ಕಾನೂನು, ಮನೆ ಆಸ್ತಿಯ ತೆರಿಗೆಯ ಮೇಲೆ ರೂಪಾಯಿಗೆ 6 ಪೈಗಳಂತೆ ಗ್ರಂಥಾಲಯದ ಕರವನ್ನು ವಿಧಿಸಿತ್ತು. ಬೀದರ, ಕಲಬುರ್ಗಿ, ರಾಯಚೂರುಗಳಿಗೆ 1955ರ ಹೈದರಾಬಾದು ಕಾನೂನು. ಮುಂಬಯಿ ಕರ್ನಾಟಕದಲ್ಲಿ ಕಾನೂನೇ ಇಲ್ಲ. ಊರ ವಾಚನಾಲಯಗಳು ವರ್ಗಣಿಯಿಂದಲೂ ಸರಕಾರದ ಅಲ್ಪ ಸಹಾಯದಿಂದಲೂ ಬಾಳುತ್ತಿದ್ದವು. ಹಳೆಯ ಮೈಸೂರಿನಲ್ಲಿ ಬೆಂಗಳೂರು, ಮೈಸೂರು ಪಟ್ಟಣಗಳಿಗೆ ದೊಡ್ಡ ಗ್ರಂಥಾಲಯಗಳಿದ್ದರೂ ಹಳ್ಳಿಯ ಓದುಗನಿಗೆ ಕಾನೂನಿನ ಆಸರೆಯಿರಲಿಲ್ಲ. ಏಕೀಕರಣವಾದ ಮೇಲೆ 1965ರಲ್ಲಿ ಇಡೀ ಕನ್ನಡ ನಾಡಿಗೆ ಒಂದೇ ಗ್ರಂಥಾಲಯ ಕಾನೂನು ಆಯಿತು. 1966ರ ನವೆಂಬರ 1ರಿಂದ, ರಾಜ್ಯೋತ್ಸವದ ದಿನದಿಂದಲೇ, ಅದು ಜಾರಿಗೆ ಬಂದಿತು. ಏಕೀಕರಣದಿಂದ ಬಂದ ಲಾಭವೇನೆಂದು ಕೇಳುವವರಿಗೆ ಕೊಡತಕ್ಕ ಉತ್ತರಗಳಲ್ಲಿ ಇದೂ ಒಂದು: ಜೋಗದ ಎರಡೂ ದಡಗಳ ಹುಡುಗನಿಗೆ ಒಂದೇ ಕಾನೂನಿನಿಂದ ಪುಸ್ತಕ ದೊರೆಯುವ ಹಕ್ಕು ಬಂದಿತು.

ಹಕ್ಕು ಬಂದಿತೆಂದರೆ ಪುಸ್ತಕವು ಬಂದಿತೆಂದಲ್ಲ. ಆ ಕಾನೂನಿನ ಮೇರೆಗೆ ಕಟ್ಟಡ ಭೂಮಿಗಳ ತೆರಿಗೆಯ ಮೇಲೆ ಗ್ರಂಥಾಲಯದ ಕರವು ವಸೂಲಾಗುತ್ತಲಿದೆ. ಈಗ ಅದರ ಪ್ರಮಾಣವು ಶೇಕಡಾ 6. ನಿಮ್ಮ ಮನೆಯ ತೆರಿಗೆಯ ರಸೀದಿಯನ್ನು ತೆಗೆದು ನೋಡಿರಿ; ಅದರಲ್ಲಿ ಈ ಕರದ ಸಾಲು ಕಾಣಬೇಕು. ವಸೂಲಾದ ಕರವನ್ನು ಗ್ರಂಥಾಲಯಗಳಿಗೆ ಸಲ್ಲಿಸದೆ ಸ್ಥಳಿಕ ಸಂಸ್ಥೆಗಳು ಬಾಕಿ ಇಟ್ಟುಕೊಳ್ಳುವವೆಂಬ ದೂರು ಅನೇಕ ವರ್ಷಗಳಿಂದ ಕೇಳಿಬರುತ್ತಲಿದೆ. ಆದುದರಿಂದ ಒಂದು ಭೇದವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕರದ ಹಣವು ನಮ್ಮದೇ ಹಣ. ಅದನ್ನು ಅರ್ಜಿಯ ಭಾಷೆಯಲ್ಲಿ ಕೇಳತಕ್ಕದ್ದಲ್ಲ, ಲೆಕ್ಕದ ಭಾಷೆಯಲ್ಲಿ ಕೇಳಬೇಕು. ಎಷ್ಟು ವಸೂಲಾಯಿತು, ಎಷ್ಟು ಸಲ್ಲಿತು, ಎಷ್ಟು ಉಳಿಯಿತು ಎಂದು ಗ್ರಾಮಸಭೆಯಲ್ಲಿ ಕೇಳಲು ಯಾವ ನಾಗರಿಕನಿಗೂ ಅಧಿಕಾರವಿದೆ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನು ಇದೆ. ಇನ್ನು ಅನುದಾನವೆಂಬುದು ಬೇರೆ. ಅಲ್ಲಿ ಕೊಡುವವನು ಕೊಡಲೇಬೇಕೆಂದಿಲ್ಲ, ಅವನನ್ನು ಒಪ್ಪಿಸಬೇಕಾಗುವುದು. ಹಕ್ಕಿನ ಹಣವನ್ನು ದೈನ್ಯದಿಂದ ಬೇಡುವುದೂ ಅನುದಾನದ ಹಣವನ್ನು ಗರ್ಜಿಸಿ ಕೇಳುವುದೂ ಒಂದೇ ಬಗೆಯ ಅವಿವೇಕವು.

ಅನುದಾನವು ಎಲ್ಲೆಲ್ಲಿ ಉಂಟೆಂಬುದನ್ನು ಸಂಕ್ಷೇಪವಾಗಿ ಹೇಳುವೆವು. ಕೇಂದ್ರ ಸರಕಾರದ ಸಂಸ್ಕೃತಿ ಸಚಿವಾಲಯಕ್ಕೆ ಸೇರಿದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವು 1972ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿತವಾಯಿತು. ಅದರ ಸಹಾಯವು ಎರಡು ತೆರನು: ರಾಜ್ಯ ಸರಕಾರವು ತನ್ನ ಪಾಲನ್ನು ಹಾಕಿದರೆ ತಾನೂ ಹಾಕುವುದು ಒಂದು, ಪಾಲನ್ನು ಕೇಳದೆ ತಾನೇ ಕೊಡುವುದು ಇನ್ನೊಂದು. ನೋಂದಣಿಯಾದ ಖಾಸಗಿ ಸಂಘಗಳು ನಡೆಯಿಸುವ ಸಾರ್ವಜನಿಕ ಗ್ರಂಥಾಲಯಗಳಿಗೂ ಮಕ್ಕಳ ಗ್ರಂಥಾಲಯಗಳಿಗೂ ಅದರ ಯೋಜನೆಗಳಲ್ಲಿ ಎಡೆಯಿದೆ. ಎರಡನೆಯದು ಉದ್ಯಮಗಳ ಸಾಮಾಜಿಕ ಹೊಣೆಯ ನಿಧಿ. 2013ರ ಕಂಪನಿ ಕಾನೂನಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಲಾಭದ ಸರಾಸರಿಯಲ್ಲಿ ಶೇಕಡಾ 2ರಷ್ಟನ್ನು ಲೋಕಹಿತಕ್ಕೆ ವೆಚ್ಚಮಾಡಬೇಕು. ಆ ಕಾನೂನಿನ ಏಳನೆಯ ಅನುಸೂಚಿಯಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಸ್ಥಾಪನೆಯನ್ನು ಹೆಸರಿಟ್ಟು ಹೇಳಿದೆ. ಇದನ್ನು ಅರಿಯದೆ ನಮ್ಮವರು ಕಂಪನಿಗಳ ಮುಂದೆ ಸಂಕೋಚದಿಂದ ನಿಲ್ಲುವುದುಂಟು. ಮೂರನೆಯದು ಲೋಕಸಭಾ ಸದಸ್ಯರ, ಶಾಸಕರ ಪ್ರದೇಶಾಭಿವೃದ್ಧಿ ನಿಧಿಗಳು; ಇವು ಹೆಚ್ಚಾಗಿ ಕಟ್ಟಡದಂಥ ಸ್ಥಿರವಾದ ಕೆಲಸಕ್ಕೆ ಒದಗುವವು, ದಿನದಿನದ ವೆಚ್ಚಕ್ಕೆ ಒದಗಲಾರವು. ನಾಲ್ಕನೆಯದು ಗ್ರಾಮ ಪಂಚಾಯತಿಯು. ರಾಜ್ಯದ ಐದು ಸಾವಿರಕ್ಕೂ ಮಿಕ್ಕ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಸುಮಾರು 2019ರಿಂದೀಚೆಗೆ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ ರಾಜ್ಯ ಇಲಾಖೆಯ ವಶಕ್ಕೆ ಬಂದು, ಈಗ ಅರಿವು ಕೇಂದ್ರಗಳೆನಿಸಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಎಂಬ ಕಾರ್ಯಕ್ರಮವು ಹಳ್ಳಿಯ ಮಕ್ಕಳನ್ನು ಅಲ್ಲಿಗೆ ಎಳೆದು ತಂದಿತು. ಕೊನೆಯದು, ನಮ್ಮ ಎಣಿಕೆಯಲ್ಲಿ ಮೊದಲನೆಯದು, ಊರವರ ಕೈ.

ಊರವರ ಕೈಯನ್ನು ಮೊದಲನೆಯದೆಂದು ಹೇಳಲು ಕಾರಣವಿದೆ. ಬರೋಡೆಯ ಸಯಾಜಿರಾವ ಗಾಯಕವಾಡ ಮಹಾರಾಜರು 1910ರಲ್ಲಿ ಅಮೇರಿಕೆಯಿಂದ ಬೋರ್ಡನ್ ಎಂಬ ಗ್ರಂಥಾಲಯ ತಜ್ಞನನ್ನು ಕರೆಯಿಸಿ ತಮ್ಮ ಸಂಸ್ಥಾನದಲ್ಲೆಲ್ಲ ಗ್ರಂಥಾಲಯಗಳನ್ನು ಹಬ್ಬಿಸಿದರು. ಅವರ ಕ್ರಮವು ಸರಳವಾದದ್ದು: ಹಳ್ಳಿಯವರು ಒಂದು ಪಾಲು ಕೂಡಿಸಿದರೆ ಪ್ರಾಂತದ ಪಂಚಾಯತಿಯು ಒಂದು ಪಾಲು, ಸರಕಾರವು ಒಂದು ಪಾಲು. ಮಹಾರಾಜರಿಗೆ ಮೂರೂ ಪಾಲುಗಳನ್ನು ತಾವೇ ಕೊಡುವ ಶಕ್ತಿಯಿತ್ತು. ಆದರೂ ಕೊಡಲಿಲ್ಲ. ತನ್ನ ಹಣವಿಲ್ಲದ ವಾಚನಾಲಯವನ್ನು ಊರು ತನ್ನದೆಂದು ಬಗೆಯದೆಂಬುದನ್ನು ಅವರು ಬಲ್ಲವರಾಗಿದ್ದರು. ಅದೇ ಕಾಲದಲ್ಲಿ ಕಡಲಾಚೆಯ ಕಾರ್ನೆಗಿ ಎಂಬ ಉಕ್ಕಿನ ಉದ್ಯಮಿಯು ಜಗತ್ತಿನಲ್ಲಿ 2,509 ಗ್ರಂಥಾಲಯಗಳಿಗೆ ಹಣವನ್ನು ಕೊಟ್ಟನು. ಅವನ ಕರಾರು ಎರಡೇ: ನಿವೇಶನವನ್ನು ಊರು ಕೊಡಬೇಕು; ಕಟ್ಟಡಕ್ಕೆ ತಾನು ಕೊಟ್ಟ ಹಣದ ಹತ್ತನೆಯ ಒಂದು ಪಾಲನ್ನು ಪ್ರತಿವರ್ಷವೂ ಊರು ತನ್ನ ತೆರಿಗೆಯಿಂದ ನಿರ್ವಾಹಕ್ಕೆ ತೆಗೆದಿರಿಸಬೇಕು. ಅವನ ಕಾರ್ಯದರ್ಶಿ ಬರ್ಟ್ರಮ್‌ನಿಗೆ ಹೊಗಳಿಕೆಯ ಉದ್ದನೆಯ ಪತ್ರಗಳು ಬೇಡವಾಗಿದ್ದವು. ಊರಿನ ಜನಸಂಖ್ಯೆ ಎಷ್ಟು, ಈಗ ಗ್ರಂಥಾಲಯವಿದೆಯೆ, ಇದ್ದರೆ ಎಲ್ಲಿದೆ, ನಿವೇಶನ ಸಿದ್ಧವಿದೆಯೆ, ವರ್ಷಕ್ಕೆ ಎಷ್ಟು ಕೊಡುವಿರಿ ಎಂಬ ಕೆಲವೇ ಪ್ರಶ್ನೆಗಳ ಕಾಗದವನ್ನು ಅವನು ಕಳುಹಿಸುತ್ತಿದ್ದನು. ನೂರು ವರ್ಷಗಳ ಮೇಲೆಯೂ ಹಣ ಕೊಡುವವರು ಕೇಳುವ ಪ್ರಶ್ನೆಗಳು ಇವೇ ಆಗಿವೆ. ನಮೂನೆಯ ಬಣ್ಣ ಬದಲಾಗಿದೆ, ಕಾಗದದ ಬದಲು ಗಣಕಯಂತ್ರದ ಪರದೆ ಬಂದಿದೆ, ಪ್ರಶ್ನೆ ಬದಲಾಗಿಲ್ಲ.

ಹೀಗಿರಲು ನಮ್ಮ ಅರ್ಜಿಗಳು ಬಿದ್ದುಹೋಗುವುದೇಕೆ? ಸಾಮಾನ್ಯವಾಗಿ ನಾವು ಬರೆಯುವ ಅರ್ಜಿಯ ರೂಪವನ್ನು ನೆನೆಯಿರಿ. ಒಂದು ಪುಟದ ತುಂಬ ಜ್ಞಾನದ ಮಹಿಮೆ. ಅರ್ಧ ಪುಟ ಅಧಿಕಾರಿಗಳ ಸ್ತುತಿ. ಆ ಮೇಲೆ, ನಮ್ಮ ಊರು ಹಿಂದುಳಿದದ್ದೆಂಬ ಗೋಳು. ಕಟ್ಟಕಡೆಗೆ, ತಾವು ದಯಮಾಡಿ ಐದು ಲಕ್ಷ ರೂಪಾಯಿಗಳನ್ನು ಮಂಜೂರು ಮಾಡಬೇಕೆಂಬ ಬಿನ್ನಹ. ಐದೇ ಲಕ್ಷವೇಕೆ, ನಾಲ್ಕೂವರೆಯೇಕಲ್ಲ, ಆರೇಕಲ್ಲ ಎಂಬುದಕ್ಕೆ ಅದರಲ್ಲಿ ಉತ್ತರವಿರುವುದಿಲ್ಲ. ಓದುವ ಅಧಿಕಾರಿಯ ಮೇಜಿನ ಮೇಲೆ ಅಂಥವು ನೂರಾರು. ಅವನು ಕಲ್ಲೆದೆಯವನಲ್ಲ; ನಾಳೆ ಲೆಕ್ಕ ಪರಿಶೋಧಕನು ಬಂದು ಈ ಸಂಸ್ಥೆಗೆ ಈ ಮೊತ್ತವನ್ನು ಯಾವ ಆಧಾರದಿಂದ ಕೊಟ್ಟಿರಿ ಎಂದು ಕೇಳಿದರೆ ತೋರಿಸಲು ಅವನಿಗೊಂದು ಕಾಗದ ಬೇಕು. ಆ ಕಾಗದವನ್ನು ನಾವೇ ಸಿದ್ಧಮಾಡಿ ಅವನ ಕೈಗೆ ಕೊಡುವುದೇ ಒಳ್ಳೆಯ ಅರ್ಜಿಯು. ಅದರ ಅಂಗಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಅಂಗವು ನಾವು ಯಾರೆಂಬುದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾನೂನಿನಂತೆ ಅಥವಾ ವಿಶ್ವಸ್ತ ಮಂಡಳಿಯಾಗಿ ಸಂಸ್ಥೆಯು ನೋಂದಣಿಯಾಗಿರಬೇಕು. ಅದರ ಹೆಸರಿನಲ್ಲಿ ಬ್ಯಾಂಕಿನ ಖಾತೆಯಿರಬೇಕು. ಹಿಂದಿನ ಮೂರು ವರ್ಷಗಳ ಜಮಾಖರ್ಚು ಪರಿಶೋಧನೆಯಾಗಿರಬೇಕು. ಕಂಪನಿಯ ನಿಧಿಯನ್ನು ಕೇಳುವವರಾದರೆ 2021ರ ಏಪ್ರಿಲಿನಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಬೇರೊಂದು ನೋಂದಣಿಯೂ ಬೇಕಾಗಿದೆ. ಈ ಕಾಗದಗಳು ನೀರಸವಾದವು. ಆದರೆ ಇವಿಲ್ಲದ ಅರ್ಜಿಯನ್ನು ಯಾರೂ ಓದುವುದಿಲ್ಲ. ಯೋಜನೆಯ ಪ್ರಕಟನೆ ಹೊರಟ ಮೇಲೆ ಕಾಗದಗಳಿಗೆ ಓಡಾಡುವವರು ಗಡುವನ್ನು ತಪ್ಪಿಸಿಕೊಳ್ಳುವರು. ಆದುದರಿಂದ ಎಲ್ಲದರ ಪ್ರತಿಗಳನ್ನೂ ಒಂದು ಕಡತದಲ್ಲಿ ಕಟ್ಟಿ, ವರ್ಷವರ್ಷವೂ ಅದನ್ನು ಹೊಸದಾಗಿಸುತ್ತಿರಬೇಕು.

ಕಾಗದಗಳಿಗಿಂತ ದೊಡ್ಡ ಪ್ರಮಾಣವು ಮಾಡಿದ ಕೆಲಸ. ನಿಮ್ಮ ಸಾಗರ ತಾಲೂಕಿನ ಹೆಗ್ಗೋಡನ್ನೇ ನೋಡಿರಿ. 1949ರಲ್ಲಿ ಹಳ್ಳಿಯ ಕೆಲವು ತರುಣರು ಕೂಡಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದರು. ಕೆ. ವಿ. ಸುಬ್ಬಣ್ಣನವರು 1957ರಲ್ಲಿ ಅಕ್ಷರ ಪ್ರಕಾಶನವನ್ನು ಆರಂಭಿಸಿದರು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ, 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂದವು. ಜನಸ್ಪಂದನವೆಂಬ ಯೋಜನೆಗೆ ಫೋರ್ಡ್ ಪ್ರತಿಷ್ಠಾನದ ಸಹಾಯವು ದೊರೆತುದು 1980ರ ದಶಕದಲ್ಲಿ. ಅಂದರೆ ಸಂಘಕ್ಕೆ ಮೂವತ್ತು ವರ್ಷಗಳು ತುಂಬಿದ ಮೇಲೆ. ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದುದು 1991ರಲ್ಲಿ. ಹಣವು ಕೆಲಸದ ಬೆನ್ನು ಹತ್ತಿ ಬಂದಿತು. ಕೆಲಸವು ಹಣದ ಬೆನ್ನು ಹತ್ತಲಿಲ್ಲ. ಹತ್ತು ಮಕ್ಕಳಿಗೆ ಐವತ್ತು ಪುಸ್ತಕಗಳನ್ನು ಎರಡು ವರ್ಷ ತಪ್ಪದೆ ಕೊಟ್ಟು, ಅದರ ದಾಖಲೆಯಿಟ್ಟ ವಾಚನಾಲಯದ ಮಾತಿಗೆ, ನಾಳೆ ಐದು ಸಾವಿರ ಪುಸ್ತಕ ತರುವೆವೆನ್ನುವ ಸಂಸ್ಥೆಯ ಮಾತಿಗಿಂತ ಹೆಚ್ಚು ತೂಕವಿರುವುದು.

ಎರಡನೆಯ ಅಂಗವು ಅವಶ್ಯಕತೆಯ ನಿರೂಪಣೆ. ಇಲ್ಲಿ ನಮ್ಮವರು ಗೋಳಿಗೆ ಬೀಳುವರು. ಮಲೆನಾಡಿಗೆ ಗೋಳಿಡಲು ಕಾರಣವಿಲ್ಲವೆಂದು ನಾವೆನ್ನುವುದಿಲ್ಲ. ಈ ಶರಾವತಿಯ ನೀರಿನಿಂದ 1948ರಿಂದ ನಾಡಿಗೆ ಬೆಳಕು ಹರಿದಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಆಯಿತು. ಶರಾವತಿಯ ವಿದ್ಯುದಾಗಾರದ ಶಕ್ತಿಯು 1,035 ಮೆಗಾವ್ಯಾಟು. ಆ ನೀರಿನಡಿಯಲ್ಲಿ ಊರುಗಳು ಮುಳುಗಿದವು. ಮುಳುಗಡೆಯ ಜನರು ಮನೆ ಮಠ ಬಿಟ್ಟು ಚದರಿಹೋದರು. ಇದು ನ್ಯಾಯವಾದ ದುಃಖವೇ ಸರಿ. ಆದರೆ ದುಃಖವನ್ನು ಅರ್ಜಿಗೆ ತರುವಾಗ ಅದನ್ನು ಸಂಗತಿಯಾಗಿ ಮಾರ್ಪಡಿಸಬೇಕು. ‘ನಮ್ಮ ಊರು ಬಹಳ ಹಿಂದುಳಿದಿದೆ’ ಎಂದರೆ ಓದುವವನಿಗೆ ಏನೂ ತಿಳಿಯುವುದಿಲ್ಲ. ‘ಕರೂರು ಹೋಬಳಿಯ ತುಮರಿ ಸೀಮೆಯ ಜನರಿಗೆ 2025ರ ಜುಲೈಯಲ್ಲಿ ಹಿನ್ನೀರಿನ ಸೇತುವೆ ಆಗುವ ವರೆಗೆ ಸಾಗರಕ್ಕೆ ಹತ್ತಿರದ ದಾರಿಯೆಂದರೆ ಲಾಂಚು, ಆ ಕಡವು ನಿಂತ ದಿನ ಪೇಟೆಯ ಗ್ರಂಥಾಲಯವೂ ಇಲ್ಲ’ ಎಂದರೆ ಎಲ್ಲವೂ ತಿಳಿಯುವುದು. ಈಗ ಸೇತುವೆಯಾಗಿದೆ, ಅರ್ಜಿಯಲ್ಲಿ ಇಂದಿನ ಸ್ಥಿತಿಯನ್ನೇ ಬರೆಯಬೇಕು, ಹಳೆಯ ಸಂಕಟವನ್ನು ಇಂದಿನದೆಂದು ತೋರಿಸಬಾರದು. ಪರೀಕ್ಷಕನು ಒಂದು ಸುಳ್ಳನ್ನು ಕಂಡನೆಂದರೆ ಉಳಿದ ನಿಜಗಳನ್ನೂ ನಂಬನು.

ಸಂಗತಿಗಳನ್ನು ಕೂಡಿಸುವ ಕೆಲಸದಲ್ಲಿ ಉಪಾಧ್ಯಾಯರಿಗಿಂತ ಸಮರ್ಥರಿಲ್ಲ. ನಿಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಪಠ್ಯಪುಸ್ತಕದ ಹೊರತು ಬೇರೊಂದು ಪುಸ್ತಕವಿದೆ? ಪಂಚಾಯತಿಯ ಗ್ರಂಥಾಲಯದಿಂದ ಕಟ್ಟಕಡೆಯ ಮನೆ ಎಷ್ಟು ಹರದಾರಿ? ಬಯಲುಸೀಮೆಯ ಹಳ್ಳಿಯಂತೆ ನಮ್ಮ ಮನೆಗಳು ಒಂದೆಡೆ ಗುಂಪುಗೂಡಿಲ್ಲ. ತೋಟಕ್ಕೊಂದು ಮನೆ, ಕಣಿವೆಗೊಂದು ಕೇರಿ. ಗ್ರಂಥಾಲಯವು ತೆರೆದಿರುವ ಹೊತ್ತಿನಲ್ಲಿ ಕೂಲಿಗೆ ಹೋದವರು ಮರಳಿರುವರೆ? ಅಡಕೆಯ ಕೊಯ್ಲಿನ ತಿಂಗಳುಗಳಲ್ಲಿ ಓದುಗರ ಸಂಖ್ಯೆ ಎಷ್ಟು ಇಳಿಯುವುದು? ಇಂಥ ಐದಾರು ಪ್ರಶ್ನೆಗಳಿಗೆ ಮನೆಮನೆಗೆ ಹೋಗಿ ಉತ್ತರವನ್ನು ಬರೆದುಕೊಂಡರೆ ಒಂದು ವಾರದಲ್ಲಿ ನಿಮ್ಮ ಅರ್ಜಿಯ ಅರ್ಧ ಭಾಗವು ಮುಗಿಯಿತು. ಆ ವಾರದಲ್ಲಿ ಇನ್ನೊಂದು ಲಾಭವೂ ಇದೆ. ಊರವರು ಬೇಡುವ ಪುಸ್ತಕ ಯಾವುದೆಂದು ತಿಳಿಯುವುದು. ಒಬ್ಬ ತಾಯಿಗೆ ಮಕ್ಕಳ ಕಥೆ ಬೇಕು, ಒಬ್ಬ ರೈತನಿಗೆ ಕೊಳೆರೋಗದ ವಿಚಾರ ಬೇಕು, ಒಬ್ಬ ತರುಣನಿಗೆ ಸರಕಾರಿ ಪರೀಕ್ಷೆಯ ಪುಸ್ತಕ ಬೇಕು. ರಂಗನಾಥನ್ ಅವರು 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವೆಂಬುದೊಂದು. ಆ ಓದುಗನನ್ನು ಮೊದಲು ಕಂಡುಬರಬೇಕಲ್ಲವೆ!

ಮೂರನೆಯ ಅಂಗವು ಯೋಜನೆ. ಇದನ್ನು ಕಲ್ಪಿತವಾದ ಒಂದು ಉದಾಹರಣೆಯಿಂದ ತಿಳಿಸುವೆವು. ಎಂಟು ಕೇರಿಗಳುಳ್ಳ ಒಂದು ಸೀಮೆಯಿದೆಯೆನ್ನೋಣ. ಕೇರಿಗೆ 30ರಂತೆ 240 ಮನೆಗಳು. ಒಂದೆಡೆ ಕಟ್ಟಡ ಕಟ್ಟಿದರೆ ಏಳು ಕೇರಿಗಳಿಗೆ ಅದು ದೂರವೇ. ಅದಕ್ಕಾಗಿ ಎಂಟು ಮರದ ಪೆಟ್ಟಿಗೆಗಳನ್ನು ಮಾಡಿಸಿ, ಒಂದೊಂದರಲ್ಲಿ 50ರಂತೆ 400 ಪುಸ್ತಕಗಳನ್ನು ಇಡುವುದು. ಪ್ರತಿ ತಿಂಗಳ ಮೊದಲ ಭಾನುವಾರ ಪೆಟ್ಟಿಗೆಯು ಒಂದು ಕೇರಿಯಿಂದ ಮುಂದಿನ ಕೇರಿಗೆ ಸಾಗುವುದು. ಅಕ್ಟೋಬರಿನಿಂದ ಮೇ ತಿಂಗಳಿನ ವರೆಗೆ ಎಂಟು ತಿಂಗಳು. ಅಷ್ಟರಲ್ಲಿ ಪ್ರತಿ ಕೇರಿಯೂ 400 ಪುಸ್ತಕಗಳನ್ನು ಕಾಣುವುದು. ಜೂನಿನಿಂದ ಸೆಪ್ಟೆಂಬರಿನ ವರೆಗೆ ಮಳೆಯ ದೆಸೆಯಿಂದ ಪೆಟ್ಟಿಗೆಯು ನಿಂತಲ್ಲಿಯೇ ನಿಲ್ಲುವುದು. ಆ ತಿಂಗಳುಗಳಿಗೆಂದು ಮೇ ತಿಂಗಳಲ್ಲಿಯೇ ದೊಡ್ಡ ಕಾದಂಬರಿಗಳನ್ನು ಮನೆಗಳಿಗೆ ಹಂಚಿಬಿಡುವುದು. ಇದು ಹೊಸ ಕಲ್ಪನೆಯಲ್ಲ. ಬರೋಡೆಯಲ್ಲಿ ಪುಸ್ತಕದ ಪೆಟ್ಟಿಗೆಗಳು ಊರೂರಿಗೆ ಹೋಗುತ್ತಿದ್ದವು; 1931ರಲ್ಲಿ ತಂಜಾವೂರು ಸೀಮೆಯ ಮನ್ನಾರುಗುಡಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯವು ಹೊರಟಿತು.

ಮಲೆನಾಡಿನ ಯೋಜನೆಯಲ್ಲಿ ಮಳೆಗೆ ಒಂದು ಅಧ್ಯಾಯವಿರಲೇಬೇಕು. ಆಗುಂಬೆಯೂ ಹುಲಿಕಲ್ಲೂ ಇರುವ ತಾಲೂಕುಗಳಿವು. ಬೆಂಗಳೂರಿನಲ್ಲಿ ಕುಳಿತು ಬರೆದ ಮಾದರಿ ಅಂದಾಜಿನಲ್ಲಿ ಬೂಷ್ಟಿನ ಮಾತೇ ಇರುವುದಿಲ್ಲ, ಒರಲೆಯ ಮಾತೂ ಇರುವುದಿಲ್ಲ. ಕಪಾಟು ಗೋಡೆಗೆ ತಾಗದಂತೆ ಗೇಣಿನಷ್ಟು ಈಚೆಗಿರಬೇಕು, ನೆಲದಿಂದ ಎತ್ತರವಿರಬೇಕು, ಆಷಾಢ ಶ್ರಾವಣಗಳಲ್ಲಿ ಬಿಸಿಲು ಬಿದ್ದ ದಿನ ಪುಸ್ತಕಗಳನ್ನು ಹೊರಗೆ ಹರವಲು ಆಳಿರಬೇಕು. ಇದಕ್ಕೆ ಹಣವನ್ನು ಕೇಳದೆ ಪುಸ್ತಕಗಳಿಗೆ ಮಾತ್ರ ಕೇಳಿದರೆ ಎರಡು ಮಳೆಗಾಲಗಳಲ್ಲಿ ಅನುದಾನವು ಬೂಷ್ಟು ಹಿಡಿಯುವುದು. ಕೆಳದಿಯಲ್ಲಿ ಗುಂಡಾ ಜೋಯಿಸರು ಓಲೆಗರಿಗಳನ್ನು ಕೂಡಿಸಿ ಕಾಯ್ದರೆಂಬುದರಿಂದಲೇ ಅಲ್ಲಿಯ ಅರಸರ ಕಾಲದ ಎಷ್ಟೋ ಸಂಗತಿಗಳು ನಮಗೆ ಉಳಿದಿವೆ. ಪುಸ್ತಕವನ್ನು ಕೊಳ್ಳುವುದಕ್ಕಿಂತ ಕಾಯುವುದು ಕಷ್ಟವು.

ನಾಲ್ಕನೆಯ ಅಂಗವು ಅಂದಾಜುಪತ್ರಿಕೆ. ಮೇಲಿನ ಉದಾಹರಣೆಯನ್ನೇ ಮುಂದುವರಿಸುವೆವು. ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ. 400 ಪುಸ್ತಕಗಳಿಗೆ ತಲಾ 200 ರೂಪಾಯಿಯಂತೆ 80,000. ಎಂಟು ಪೆಟ್ಟಿಗೆಗಳಿಗೆ ತಲಾ 2,500ರಂತೆ 20,000. ಮೇಲ್ವಿಚಾರಕನಿಗೆ ತಿಂಗಳಿಗೆ 3,000ದಂತೆ ವರ್ಷಕ್ಕೆ 36,000 ಗೌರವಧನ. ಮಳೆಯಿಂದ ರಕ್ಷಣೆಗೆ 6,000. ದಾಖಲೆ ಪುಸ್ತಕಗಳಿಗೂ ಸಾಗಣೆಗೂ 4,000. ಲೆಕ್ಕ ಪರಿಶೋಧನೆಗೆ 4,000. ಒಟ್ಟು 1,50,000. ಮನೆಗೆ 625 ರೂಪಾಯಿ ಬಿದ್ದಂತಾಯಿತು. ಇದರಲ್ಲಿ ಬರೋಡೆಯ ಕ್ರಮದಂತೆ ಮೂರನೆಯ ಒಂದು ಪಾಲು, 50,000, ನಮ್ಮದು: ನೂರು ಮನೆಗಳಿಂದ ತಲಾ 300ರಂತೆ 30,000, ಪಂಚಾಯತಿಯಿಂದ 20,000. ಕೇಳುವುದು 1,00,000 ಮಾತ್ರ. ಈ ಲೆಕ್ಕವನ್ನು ಓದಿದವನು ಮೊತ್ತವನ್ನು ಕುರಿತು ಪ್ರಶ್ನಿಸಬೇಕಾದರೂ ಯಾವುದಾದರೊಂದು ಸಾಲನ್ನು ಹಿಡಿದೇ ಪ್ರಶ್ನಿಸಬೇಕಾಗುವುದು. ಕೊಯ್ತ ಬಿದ್ದರೂ ಯಾವ ಕೆಲಸ ನಿಲ್ಲುವುದೆಂದು ಇಬ್ಬರಿಗೂ ತಿಳಿದಿರುವುದು. ದರಗಳಿಗೆ ಬಡಿಗನ, ಪುಸ್ತಕದಂಗಡಿಯ ದರಪಟ್ಟಿಗಳನ್ನು ಲಗತ್ತಿಸಬೇಕು. ಕೂಡಿಸುವಿಕೆಯನ್ನು ಇಬ್ಬರು ಬೇರೆಬೇರೆಯಾಗಿ ನೋಡಬೇಕು. ಕೂಡಿಸುವಲ್ಲಿ ತಪ್ಪಿದವನಿಗೆ ಹಣವನ್ನು ಒಪ್ಪಿಸಲು ಯಾರೂ ಧೈರ್ಯಮಾಡರು.

ಐದನೆಯ ಅಂಗವು ಮುಂದಿನ ನಿರ್ವಾಹ. ಅನುದಾನವು ಮುಗಿದ ಮರುವರ್ಷ ಏನು? ಉದ್ಘಾಟನೆಯ ದಿನ ತಳಿರು ತೋರಣ, ಮರುವರ್ಷ ಬೀಗ: ಇಂಥ ಕಟ್ಟಡಗಳು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಉದಾಹರಣೆಯ ಯೋಜನೆಯಲ್ಲಿ ಪುಸ್ತಕ, ಪೆಟ್ಟಿಗೆಗಳು ಒಂದೇ ಸಲದ ವೆಚ್ಚ. ಉಳಿದ 50,000 ಮಾತ್ರ ವರ್ಷವರ್ಷದ್ದು. ಊರಿನ ಪಾಲೂ ಅಷ್ಟೇ ಇದೆ. ಅಂದ ಮೇಲೆ ಎರಡನೆಯ ವರ್ಷದಿಂದ ಹೊರಗಿನ ಹಣವಿಲ್ಲದೆ ಪೆಟ್ಟಿಗೆಗಳು ಸುತ್ತಬಲ್ಲವು. ಹೊಸ ಪುಸ್ತಕಕ್ಕೆ ಮಾತ್ರ ಮತ್ತೆ ಕೇಳಬೇಕಾದೀತು. ಊರಿನ ಪಾಲನ್ನು ಆ ಪ್ರಮಾಣದಲ್ಲಿ ಗೊತ್ತುಮಾಡಿದುದರ ಮರ್ಮವು ಇದೇ. ಕಾರ್ನೆಗಿಯು ಹತ್ತನೆಯ ಒಂದು ಪಾಲಿನ ಕರಾರನ್ನು ಹಾಕಿದುದೂ ಇದಕ್ಕಾಗಿಯೇ.

ಆರನೆಯ ಅಂಗವು ಫಲವನ್ನು ಅಳೆಯುವ ಬಗೆ. ‘ಜನರಲ್ಲಿ ಜಾಗೃತಿಯುಂಟಾಗುವುದು’ ಎಂದು ಬರೆದರೆ ಅಳೆಯಲು ಬಾರದು. ವರ್ಷದ ಕೊನೆಗೆ 240 ಮನೆಗಳಲ್ಲಿ 120 ಮನೆಯವರು ಒಂದಾದರೂ ಪುಸ್ತಕವನ್ನು ಒಯ್ದಿರಬೇಕೆಂದು ಬರೆದರೆ ಅಳೆಯಬಹುದು. ಗುರಿಯು ಮುಟ್ಟದಿದ್ದರೆ ಮುಟ್ಟಲಿಲ್ಲವೆಂದೇ ವರದಿಯಲ್ಲಿ ಹೇಳಬೇಕು. ಏಕೆ ಮುಟ್ಟಲಿಲ್ಲವೆಂಬುದನ್ನೂ ಹೇಳಬೇಕು. ಹಣ ಬಂದ ಮೇಲೆ ವಿನಿಯೋಗದ ಪ್ರಮಾಣಪತ್ರವನ್ನು ಗಡುವಿನೊಳಗೆ ಕಳುಹಿಸದ ಸಂಸ್ಥೆಗೆ ಮುಂದಿನ ಕಂತು ಬರುವುದಿಲ್ಲ, ಎರಡನೆಯ ಅರ್ಜಿಗೆ ಬೆಲೆಯೂ ಇರುವುದಿಲ್ಲ. ಮೊದಲನೆಯ ಅನುದಾನದ ಲೆಕ್ಕಪತ್ರವೇ ಎರಡನೆಯ ಅನುದಾನದ ಅರ್ಜಿಯೆಂದು ತಿಳಿಯಿರಿ. ಮಾರ್ಚ 31ಕ್ಕೆ ವರ್ಷ ಮುಗಿಯುವುದೆಂಬುದನ್ನು ಮಾರ್ಚ 30ರಂದು ನೆನೆಯಬಾರದು.

ಭಾಷೆಯನ್ನು ಕುರಿತು ಒಂದು ಮಾತು. ನಮ್ಮ ರಾಜ್ಯದ ಕಚೇರಿಗಳಿಗೆ ಕನ್ನಡದಲ್ಲಿಯೇ ಬರೆಯಿರಿ; 1963ರಿಂದ ಅದು ಕಾನೂನಿನ ಮೇರೆಗೆ ಆಡಳಿತದ ಭಾಷೆಯು. ಕಲಕತ್ತೆಗೂ ಕಂಪನಿಗಳಿಗೂ ಇಂಗ್ಲಿಷಿನಲ್ಲಿ ಬರೆಯಬೇಕಾದೀತು. ಆಗಲೂ ಮೊದಲು ಕನ್ನಡದಲ್ಲಿ ಬರೆದು ಊರವರ ಸಭೆಯಲ್ಲಿ ಓದಿಹೇಳಿರಿ. ಪೇಟೆಯ ಯಾವನೋ ಬರಹಗಾರನಿಗೆ ಹಣಕೊಟ್ಟು ಬರೆಯಿಸಿದ, ಊರಿಗೆ ತಿಳಿಯದ ಇಂಗ್ಲಿಷಿನ ಅರ್ಜಿಯಿಂದ ಹಣವು ಬಂದರೂ ಬರಬಹುದು. ಆ ಅರ್ಜಿಯಲ್ಲಿ ಏನನ್ನು ಒಪ್ಪಿಕೊಂಡೆವೆಂಬುದು ಯಾರಿಗೂ ಗೊತ್ತಿರುವುದಿಲ್ಲ. ಓದಿಹೇಳಿದ ಅರ್ಜಿಯನ್ನು ಊರು ತಿದ್ದುವುದು, ಊರು ಕಾಯುವುದು.

ಇನ್ನೊಂದು ಎಚ್ಚರಿಕೆ. ಹಣ ಕೊಡುವವನ ಇಷ್ಟಕ್ಕೆ ತಕ್ಕಂತೆ ನಮ್ಮ ಅವಶ್ಯಕತೆಯನ್ನು ಬದಲಿಸಬಾರದು. ಗಣಕಯಂತ್ರಗಳಿಗೆ ಹಣ ಸಿಕ್ಕುವುದೆಂದು ವಿದ್ಯುತ್ತು ನಿಲ್ಲದ ಊರಿನಲ್ಲಿ ಹತ್ತು ಯಂತ್ರಗಳನ್ನು ತಂದಿಟ್ಟರೆ ಅವು ಧೂಳು ಹಿಡಿಯುವವು. ಪುಸ್ತಕಗಳ ಆಯ್ಕೆಯಲ್ಲಿ ದಾನಿಯ ಕೈಯಾಡಲು ಎಡೆಗೊಡಬಾರದು. ಜಾತಿಯ, ಪಕ್ಷದ, ಪಂಥದ ಹೆಸರಿನಲ್ಲಿ ಬಾಗಿಲು ಮುಚ್ಚುವ ವಾಚನಾಲಯಕ್ಕೆ ಸಾರ್ವಜನಿಕ ಹಣವನ್ನು ಕೇಳುವ ನೈತಿಕ ಹಕ್ಕಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ತಮ್ಮ ಲೆಕ್ಕವು ಸರಿಯಾದ ಕೊಳಗದಿಂದ ಆಗಬೇಕೆಂದು ಸತ್ಯಾಗ್ರಹ ಹೂಡಿದ ನೆಲವಿದು. ಇಲ್ಲಿ ಅಳತೆಯ ಮೋಸಕ್ಕೆ ಎಡೆಯಿಲ್ಲ. ಪುಸ್ತಕದ ಲೆಕ್ಕದಲ್ಲಿಯೂ ಇರಬಾರದು.

ಕೊನೆಗೆ, ಎಲ್ಲೆಯಾಚೆಯ ನಮ್ಮ ಬಂಧುಗಳ ನೆನಪು. 1956ರಲ್ಲಿ ಜೋಗದ ಎಲ್ಲೆಯು ಅಳಿಯಿತು. ಕಾಸರಗೋಡಿನ ಎಲ್ಲೆಯು ಬರೆಯಲ್ಪಟ್ಟಿತು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರದ ಭಾಗವು ಕನ್ನಡ ನಾಡಿಗೆ ಸಲ್ಲಬೇಕೆಂದು ಹೇಳಿದರೂ ಅದು ಸಲ್ಲಲಿಲ್ಲ. ಆದರೂ ಅಲ್ಲಿಯ ಗ್ರಂಥಾಲಯ ವ್ಯವಸ್ಥೆಯಿಂದ ಕಲಿಯತಕ್ಕದ್ದು ಬಹಳವಿದೆ. ಪಿ. ಎನ್. ಪಣಿಕ್ಕರ ಅವರು 1945ರಲ್ಲಿ 47 ಗ್ರಂಥಾಲಯಗಳನ್ನು ಕೂಡಿಸಿ ಆರಂಭಿಸಿದ ಸಂಘವು ಬೆಳೆದು ಹಳ್ಳಿಹಳ್ಳಿಯನ್ನು ಮುಟ್ಟಿತು. 1989ರ ಕೇರಳದ ಕಾನೂನಿನಂತೆ ಆದ ಗ್ರಂಥಾಲಯ ಪರಿಷತ್ತು ಊರವರು ನಡೆಯಿಸುವ ಗ್ರಂಥಾಲಯಗಳನ್ನು ಪರೀಕ್ಷಿಸಿ, ದರ್ಜೆಯನ್ನು ಗೊತ್ತುಮಾಡಿ, ದರ್ಜೆಗೆ ತಕ್ಕಂತೆ ವರ್ಷಾಶನವನ್ನು ಕೊಡುವುದು. ಕಾಸರಗೋಡಿನ ಕನ್ನಡ ವಾಚನಾಲಯಗಳೂ ಆ ದಾರಿಯಲ್ಲಿಯೇ ನಡೆಯಬೇಕಾಗಿದೆ. ಅವರಿಗೆ ಹೊಸ ಕನ್ನಡ ಪುಸ್ತಕಗಳನ್ನು ಒದಗಿಸುವುದು ನಮ್ಮ ಹೊಣೆಯು. ನಿಮ್ಮ ಮೂರು ತಾಲೂಕುಗಳ ಯಾವ ಅರ್ಜಿಯಲ್ಲಾದರೂ, ಒಂದು ಪೆಟ್ಟಿಗೆಯು ಕಾಸರಗೋಡಿಗೆ ಎಂಬ ಸಾಲೊಂದು ಸೇರಿದರೆ ಏಕೀಕರಣದ ಕೆಲಸವು ಆ ಸಾಲಿನಷ್ಟು ಮುಂದೆ ಸಾಗಿದಂತಾಗುವುದು.

ಈಗ ಮಾಡತಕ್ಕ ಕೆಲಸವನ್ನು ಹೇಳಿ ಮುಗಿಸುವೆವು. ಇಲ್ಲಿಂದ ಮರಳಿದ ಮೇಲೆ ಪ್ರತಿ ವಾಚನಾಲಯವೂ ಈ ತಿಂಗಳಲ್ಲಿ ತನ್ನ ಕಾಗದಗಳ ಕಡತವನ್ನು ಕಟ್ಟಲಿ. ಮುಂದಿನ ತಿಂಗಳಲ್ಲಿ ಮನೆಮನೆಯ ವಿಚಾರಣೆಯನ್ನು ಮುಗಿಸಲಿ. ಮೂರನೆಯ ತಿಂಗಳಲ್ಲಿ ಅಂದಾಜುಪತ್ರಿಕೆಯನ್ನು ಊರ ಸಭೆಯ ಮುಂದಿಡಲಿ. ಮೂರು ತಾಲೂಕುಗಳವರು ಬೇರೆಬೇರೆಯಾಗಿ ಬರೆಯದೆ ಒಬ್ಬರ ಅರ್ಜಿಯನ್ನು ಇನ್ನೊಬ್ಬರು ಓದಿ ತಿದ್ದಲಿ. ಪುಸ್ತಕಕ್ಕಾಗಿ ಬರೆಯುವ ಕಾಗದದಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ನಮ್ಮ ಊರಿನ ಸ್ಥಿತಿ ಇದು, ನಮ್ಮ ಪಾಲು ಇಷ್ಟು, ನಿಮ್ಮ ಪಾಲು ಇಷ್ಟು, ಲೆಕ್ಕವನ್ನು ಒಪ್ಪಿಸುವ ದಿನ ಇಂಥದು ಎಂದು ತಲೆಯೆತ್ತಿ ಹೇಳುವ ಕಾಗದವದು. ಅಂಥ ಕಾಗದಗಳು ಈ ಸೀಮೆಯಿಂದ ಹೊರಡಲಿ, ಮುಂದಿನ ಮಳೆಗಾಲದಲ್ಲಿ ಕಣಿವೆಯ ಮನೆಗಳಲ್ಲಿ ದೀಪದ ಕೆಳಗೆ ಕನ್ನಡ ಪುಸ್ತಕಗಳು ತೆರೆದಿರಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುವೆವು.

ಸಿರಿಗನ್ನಡಂ ಗೆಲ್ಗೆ!